ಗೋರಂಟೆಯ ಐದನೆಯ ನರ

ರಾಮಾಂಜಿನಪ್ಪನವರು ಇಪ್ಪತ್ತೈದು ವರ್ಷ ಹೂವಿನ ಮೊಗ್ಗುಗಳನ್ನು ಕೂದಲಿಗಿಂತ ತೆಳ್ಳಗೆ ಕೊಯ್ದರು. ಕಾಲೇಜಿನ ರಿಜಿಸ್ಟರಿನಲ್ಲಿ ಮಾತ್ರ ಅವರು ಅಟೆಂಡರ್. ನಾನು ಎರಡು ವರ್ಷ ಅವರು ಕೊಯ್ದದ್ದನ್ನು ಎಣಿಸಿದೆ, ಅದನ್ನೂ ತಪ್ಪಾಗಿ ಎಣಿಸಿದೆ. ರಿಜಿಸ್ಟರಿನಲ್ಲಿ ನಾನು ಸಂಶೋಧನಾ ಸಹಾಯಕ. ಇದು ಹೇಗೆ ಎಂದು ಆಗ ನಾನು ಕೇಳಿಕೊಳ್ಳಲಿಲ್ಲ. ತಿಂಗಳಿಗೊಮ್ಮೆ ಸಂಬಳಕ್ಕೆ ಸಹಿ ಹಾಕುವವನಿಗೆ ಅಂಥ ಪ್ರಶ್ನೆಗಳು ತಾವಾಗಿ ಹೊಳೆಯುವುದಿಲ್ಲ.

ನಾನು ಅಕ್ಕಿಪೇಟೆಯವನು. ತಂದೆ ಮಲ್ಲಿಕಾರ್ಜುನಯ್ಯನವರದು ತಾತನ ಕಾಲದ ಅಕ್ಕಿ ಮಂಡಿ. ಅಲ್ಲಿ ಕೂತವನು ಮೂಟೆಗೆ ಕೊಂಡಿ ಚುಚ್ಚಿ, ನಾಲ್ಕು ಕಾಳು ಅಂಗೈಗೆ ಹಾಕಿಕೊಂಡು, ಇದು ಯಾವ ಅಕ್ಕಿ, ಇದಕ್ಕೆ ಯಾವುದನ್ನು ಬೆರೆಸಿದ್ದಾರೆ ಎಂದು ಹೇಳಬೇಕು. ನನಗೆ ಎಲ್ಲವೂ ಅನ್ನವಾಗಿಯೇ ಕಾಣುತ್ತಿದ್ದವು. ಹಾಗಾಗಿ ಓದಲು ಬಿಟ್ಟರು, ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದೆ. ಒಂದೇ ಥರ ಕಾಣುವ ಎರಡು ಅಕ್ಕಿಯನ್ನು ಬೇರೆ ಮಾಡಲಾಗದ ಮಗ, ಒಂದೇ ಥರ ಕಾಣುವ ಎರಡು ಗಿಡಗಳನ್ನು ಬೇರೆ ಮಾಡುವ ಕೆಲಸಕ್ಕೆ ಸೇರಿದ ಸುದ್ದಿ ಕೇಳಿ ನಮ್ಮಪ್ಪ ಗುಮಾಸ್ತರ ಕಡೆ ತಿರುಗಿ ಸುಮ್ಮನೆ ನಕ್ಕರು.

ಅದು ೧೯೭೮ರ ಜೂನ್. ಬಸವನಗುಡಿಯ ಕಡೆಯ ಒಂದು ಕಾಲೇಜು. ಅಲ್ಲಿನ ಪ್ರೊಫೆಸರ್ ಬದರೀನಾರಾಯಣರು ನಾಲ್ಕು ವರ್ಷದಿಂದ ಗೋರಂಟೆ ಗಿಡದ ಹಿಂದೆ ಬಿದ್ದಿದ್ದರು. ಹಳೆಯ ಮನೆಗಳ ಬೇಲಿಯಲ್ಲಿ ಕಾರ್ತಿಕದ ಹೊತ್ತಿಗೆ ತಿಳಿ ನೇರಳೆ ಹೂ ಬಿಡುತ್ತದಲ್ಲ, ಅದೇ ಗೋರಂಟೆ. ಹಾಗೆಯೇ ಇದ್ದ, ಆದರೆ ಬಿಳಿ ಹೂ ಬಿಡುವ ಗಿಡವೊಂದು ಮಲ್ಲೇಶ್ವರದ ಹದಿನೈದನೆಯ ಕ್ರಾಸಿನಲ್ಲಿ ವಿಶಾಲಾಕ್ಷಮ್ಮ ಎಂಬವರ ಹಿತ್ತಲಿನಲ್ಲಿತ್ತು. ಎಲೆ ಅದೇ, ಎತ್ತರ ಅದೇ. ಹೂವಿನ ಬಣ್ಣ ಬೇರೆ, ಎಸಳು ಒಂದಿಷ್ಟು ಕಿರಿದು. ಇದು ನೇರಳೆ ಗೋರಂಟೆಯೇ ಬಿಳಿ ಸೀರೆ ಉಟ್ಟು ನಿಂತಿರುವುದೋ, ಅಥವಾ ಇದುವರೆಗೆ ಯಾರೂ ಹೆಸರಿಡದ ಬೇರೆಯೇ ಪ್ರಭೇದವೋ? ಬದರೀನಾರಾಯಣರಿಗೆ ಎರಡನೆಯದೇ ಆಗಬೇಕಿತ್ತು. ಹೆಸರು ಕೂಡ ಸಿದ್ಧವಾಗಿತ್ತು, ತೀರಿಕೊಂಡ ಅವರ ಗುರುಗಳ ಹೆಸರು.

ಬಣ್ಣ ನಂಬಿ ಗಿಡವನ್ನು ಬೇರೆ ಮಾಡಬಾರದು ಎಂಬುದು ಅವರು ಎಲ್ಲರಿಗೂ ಹೇಳುತ್ತಿದ್ದ ಪಾಠ. ಬಣ್ಣ ಬದಲಾಗುತ್ತದೆ, ಎಲೆ ನೆರಳಿನಲ್ಲಿ ಹಿಗ್ಗುತ್ತದೆ, ಬಿಸಿಲಿನಲ್ಲಿ ಕುಗ್ಗುತ್ತದೆ, ಹೂವಿನ ಒಳಗಿನ ಕಟ್ಟಡ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ. ಗೋರಂಟೆಯ ಮೊಗ್ಗನ್ನು ಬುಡದಲ್ಲಿ ಹಿಡಿದಿರುವ ಹಸಿರೆಸಳುಗಳನ್ನು ಹೊರಗಿನಿಂದ ಎಣಿಸಿದರೆ ನಾಲ್ಕು: ಹಿಂದೊಂದು ಮುಂದೊಂದು ದೊಡ್ಡವು, ನಡುವೆ ಎರಡು ಚಿಕ್ಕವು. ಆದರೆ ಮೊಗ್ಗನ್ನು ಅಡ್ಡಲಾಗಿ ಕೊಯ್ದು ನೋಡಿದರೆ ಮಿಕ್ಕ ಎಸಳುಗಳಿಗೆ ಒಂದೊಂದು, ಮುಂದಿನ ದೊಡ್ಡ ಎಸಳಿಗೆ ಎರಡು ಮುಖ್ಯ ನರಗಳು ಹೋಗಿರುತ್ತವೆ. ಎಂದೋ ಎರಡಾಗಿದ್ದ ಎಸಳು ಕೂಡಿಕೊಂಡು ಒಂದಾಗಿದೆ ಎಂದು ಅದರ ಅರ್ಥ. ಹೊರಗೆ ನಾಲ್ಕು, ಒಳಗೆ ಐದು. ನೇರಳೆ ಗೋರಂಟೆಯಲ್ಲಿ ಹೀಗಿದೆಯೆಂದು ಹಿಂದಿನ ವರ್ಷವೇ ನೋಡಿಯಾಗಿತ್ತು. ಬಿಳಿಯದರಲ್ಲಿ ಆ ಐದನೆಯ ನರ ಇಲ್ಲದಿದ್ದರೆ ಅದು ಬೇರೆ ಪ್ರಭೇದ. ಇದ್ದರೆ ಬರೀ ಬಿಳಿ ಹೂ. ನನ್ನ ಕೆಲಸ ಆ ನರವನ್ನು ಎಣಿಸುವುದು. ಒಂದೋ, ಎರಡೋ. ಅಕ್ಕಿಪೇಟೆಯಲ್ಲಿ ಇದಕ್ಕೆ ಎಂ.ಎಸ್ಸಿ. ಕೇಳುವುದಿಲ್ಲ.

ಮೊಗ್ಗು ಕೊಯ್ಯುವುದು ಎಂದರೆ ಬ್ಲೇಡಿನಿಂದ ಎಂದುಕೊಂಡು ಹೋಗಿದ್ದೆ. ರಾಮಾಂಜಿನಪ್ಪನವರು ಮೂಲೆಯ ಮೇಜಿನ ಮೇಲಿದ್ದ ಬಟ್ಟೆ ಸರಿಸಿ ಮೈಕ್ರೋಟೋಮ್ ತೋರಿಸಿದರು. ಹೊಲಿಗೆ ಯಂತ್ರದಷ್ಟು ಗಾತ್ರದ ಕಬ್ಬಿಣದ ಯಂತ್ರ, ಪಕ್ಕಕ್ಕೊಂದು ಚಕ್ರ, ಮುಂದೆ ಅಡ್ಡಲಾಗಿ ಮಲಗಿಸಿದ ಒಂದು ಕತ್ತಿ. ಮೊಗ್ಗನ್ನು ಕರಗಿದ ಮೇಣದಲ್ಲಿ ಕೂರಿಸಿ, ಗಟ್ಟಿಯಾದ ಮೇಲೆ ಆ ತುಂಡನ್ನು ಯಂತ್ರಕ್ಕೆ ಸಿಕ್ಕಿಸಿ ಚಕ್ರ ತಿರುಗಿಸಿದರೆ ಸುತ್ತಿಗೊಂದು ತೆಳು ಬಿಲ್ಲೆ. ಒಂದರ ಬಾಲಕ್ಕೊಂದು ಅಂಟಿಕೊಂಡು ಮೇಣದ ರಿಬ್ಬನ್ನು ಇಳಿಯುತ್ತದೆ. ನಾನು ತಿರುಗಿಸಿದರೆ ಅದು ಮುರಿದ ಹಪ್ಪಳ. ಅವರು ತಿರುಗಿಸಿದರೆ ಮೊಳದುದ್ದ. ಅದನ್ನು ಕುಂಚದ ತುದಿಯಲ್ಲಿ ಎತ್ತಿ, ಫ್ಯಾನ್ ಆರಿಸಿ, ಉಸಿರು ಹಿಡಿದು ಕಪ್ಪು ಕಾಗದದ ಮೇಲೆ ಮಲಗಿಸುತ್ತಿದ್ದರು. ಆ ಹೊತ್ತಿಗೆ ಯಾರಾದರೂ ಬಾಗಿಲು ತೆರೆದರೆ, ಪ್ರಿನ್ಸಿಪಾಲರೇ ಆಗಲಿ, ತಲೆಯೆತ್ತದೆ "ಮುಚ್ಚಿ" ಅನ್ನುತ್ತಿದ್ದರು.

ಬಿಲ್ಲೆಗಳನ್ನು ಗಾಜಿಗೆ ಅಂಟಿಸಲು ಕೋಳಿಮೊಟ್ಟೆಯ ಬಿಳಿ ಬೇಕು. ನಮ್ಮದು ದಿನವೂ ಲಿಂಗಪೂಜೆ ನಡೆಯುವ ಮನೆ. ಮೊಟ್ಟೆಯನ್ನು ಶ್ರೀರಾಂಪುರದ ಮನೆಯಿಂದ ರಾಮಾಂಜಿನಪ್ಪನವರೇ ತಂದು, ಹಳದಿಯನ್ನು ಡಬ್ಬಿಯಲ್ಲಿ ಹಾಕಿ ಹೆಂಡತಿ ಅಂಜಮ್ಮನಿಗೆ ವಾಪಸು ಒಯ್ಯುತ್ತಿದ್ದರು. ನಾನು ಸಂಜೆ ಮನೆಯಲ್ಲಿ ಕೈಯನ್ನು ಮೂರು ಸಲ ತೊಳೆಯುವುದು ನೋಡಿ ಅಮ್ಮ ಕೇಳಿದರೆ, ಕಾಲೇಜಿನಲ್ಲಿ ಅಂಟು ಜಾಸ್ತಿ ಬಳಸುತ್ತಾರೆ ಎನ್ನುತ್ತಿದ್ದೆ.

ಅವರದೇ ಒಂದು ಕ್ರಮವಿತ್ತು. ಮೇಣದ ತುಂಡನ್ನು ಸರಿಯಾದ ಚೌಕವಾಗಿ ಕೆತ್ತುತ್ತಿರಲಿಲ್ಲ. ಒಂದು ಬದಿಯನ್ನು ಗೋಧಿಕಾಳಿನಷ್ಟು ಉದ್ದ ಬಿಡುತ್ತಿದ್ದರು. ಆ ಉದ್ದನೆಯ ಬದಿ ಯಾವಾಗಲೂ ಮೊಗ್ಗಿನ ಬೆನ್ನು, ಅಂದರೆ ಕಾಂಡದ ಕಡೆ. ಸಾವಿರ ಮೊಗ್ಗು ಕೊಟ್ಟರೂ ಸಾವಿರವೂ ಒಂದೇ ಕಡೆಗೆ ಮುಖ ಮಾಡಿ, ಕತ್ತಿಯ ಒಂದೇ ಜಾಗದಲ್ಲಿ ಕೊಯ್ಯಿಸಿಕೊಳ್ಳುತ್ತಿದ್ದವು. "ಮೊಗ್ಗು ಯಾವ ಕಡೆ ನೋಡ್ತೈತೆ ಅಂತ ಗೊತ್ತಿಲ್ದೆ ಕುಯ್ದ್ರೆ ಅದು ಪಲ್ಯಕ್ಕೆ ಹೆಚ್ಚಿದಂಗೆ ಸಾರ್" ಎನ್ನುತ್ತಿದ್ದರು. ನಾನು ಕೆಲಸಕ್ಕೆ ಸೇರಿದ ಮೊದಲ ತಿಂಗಳು ಪೂರ್ತಿ ಪಲ್ಯಕ್ಕೇ ಹೆಚ್ಚಿದೆ.

ಇಷ್ಟು ಬಲ್ಲ ಮನುಷ್ಯ ನಡುವೆ ಎದ್ದುಹೋಗಿ ಗಂಟೆ ಹೊಡೆಯಬೇಕಿತ್ತು, ಸ್ಟಾಫ್ ರೂಮಿಗೆ ನೀರು ಇಡಬೇಕಿತ್ತು. ಅಟೆಂಡರ್ ತಾನೇ. ವಿಭಾಗದಲ್ಲಿ ಟೆಕ್ನಿಷಿಯನ್ ಎಂಬ ಹುದ್ದೆಯೊಂದು ಖಾಲಿ ಇತ್ತು. ಅದಕ್ಕೆ ಎಸ್ಸೆಸ್ಸೆಲ್ಸಿ ಆಗಿರಬೇಕು; ರಾಮಾಂಜಿನಪ್ಪನವರದು ನಾಲ್ಕನೆಯ ತರಗತಿಗೆ ನಿಂತಿತ್ತು. ಆಫೀಸಿನ ಸೂಪರಿಂಟೆಂಡೆಂಟ್ ಶ್ರೀನಿವಾಸಯ್ಯನವರು ಒಂದು ದಾರಿ ಹೇಳಿದ್ದರು: ಅನುಭವದ ಮೇಲೆ ಕೊಡಬಹುದು, ಆದರೆ ಈ ಕೆಲಸ ನೀನೇ ಮಾಡಿದ್ದು ಅನ್ನೋದಕ್ಕೆ ಅಚ್ಚಾಗಿರೋ ಏನಾದರೂ ತಂದು ತೋರಿಸು, ಮಾರ್ಚಿಯಲ್ಲಿ ಸಮಿತಿ ಕೂತಾಗ ಇಡ್ತೀನಿ. ಅದುವರೆಗಿನ ಇಪ್ಪತ್ತೆರಡು ವರ್ಷದಲ್ಲಿ ಅವರು ಕೊಯ್ದ ಮೊಗ್ಗುಗಳ ಮೇಲೆ ಹತ್ತಾರು ಪ್ರಬಂಧಗಳು ಅಚ್ಚಾಗಿದ್ದವು. ಒಂದರಲ್ಲೂ ಅವರ ಹೆಸರಿರಲಿಲ್ಲ. ಗೋರಂಟೆಯ ಪ್ರಬಂಧದ ಕೊನೆಗೆ ನಿನ್ನ ಹೆಸರು ಹಾಕ್ತೀನಿ ರಾಮಾಂಜಿ ಎಂದು ಬದರೀನಾರಾಯಣರು ಮಾತು ಕೊಟ್ಟಿದ್ದರು. ಇನ್ನು ಮೂರು ವರ್ಷಕ್ಕೆ ನಿವೃತ್ತಿ. ಹೋಗುವ ದಿನ ರಿಜಿಸ್ಟರಿನಲ್ಲಿ ಏನಂತ ಬರೆದಿರುತ್ತದೆ ಎನ್ನುವುದಷ್ಟೇ ಅವರ ಆಸೆ.

ಇನ್ನು ನನ್ನ ಪೂಜೆಯ ಕಥೆ.

ನಮ್ಮ ಮಂಡಿಯಲ್ಲಿ ಆಯುಧಪೂಜೆಯ ದಿನ ತಕ್ಕಡಿ, ಬಟ್ಟು, ಕೊಂಡಿ ಎಲ್ಲಕ್ಕೂ ಮೂರು ಬೆರಳಿನಲ್ಲಿ ವಿಭೂತಿ ಎಳೆಯುವುದು ನನ್ನ ಕೆಲಸ. ಚಿಕ್ಕಂದಿನಿಂದ ಮಾಡಿಕೊಂಡು ಬಂದಿದ್ದೆ, ಅದೊಂದರಲ್ಲಿ ಅಪ್ಪ ನನ್ನನ್ನು ಹೊಗಳಿದ್ದುಂಟು. ಕಾಲೇಜಿನಲ್ಲಿ ಪೂಜೆ ರಾಮಾಂಜಿನಪ್ಪನವರ ಪಾಲಿನದು. ಅವರು ಕತ್ತಿಯ ಮರದ ಪೆಟ್ಟಿಗೆಯ ಮುಚ್ಚಳಕ್ಕೆ ಕುಂಕುಮವಿಟ್ಟು, ಹೂ ಏರಿಸಿ, ಪೆಟ್ಟಿಗೆ ತೆರೆಯದೆ ಕೈ ಮುಗಿದು ಮನೆಗೆ ಹೋದರು. ಸಂಬಳ ಕೊಡುವ ಆಯುಧ, ಮುಚ್ಚಳಕ್ಕೆ ಪೂಜೆ ಮಾಡಿದರೆ ಒಳಗಿರುವುದಕ್ಕೆ ತಲುಪುತ್ತದೆಯೇ ಎಂದು ನನಗೆ ಅನ್ನಿಸಿತು. ಎಲ್ಲರೂ ಹೋದ ಮೇಲೆ ಪೆಟ್ಟಿಗೆ ತೆರೆದೆ. ಹೊಳೆಯುವ ಉಕ್ಕಿನ ಮೇಲೆ ಅಂಚಿನಿಂದ ಅಂಚಿಗೆ ಮೂರು ಗೆರೆ, ನೀರಲ್ಲಿ ಕಲಸಿದ ವಿಭೂತಿ, ನಡುವೆ ಕುಂಕುಮದ ಬೊಟ್ಟು. ನೋಡಲು ಬಹಳ ಚೆನ್ನಾಗಿತ್ತು.

ನಾಲ್ಕು ದಿನ ರಜೆ. ವಾಪಸು ಬಂದಾಗ ಅದು ಸುಣ್ಣದ ಹಾಗೆ ಗಟ್ಟಿಯಾಗಿ ಕೂತಿತ್ತು. ರಾಮಾಂಜಿನಪ್ಪನವರು ಬರುವುದಕ್ಕೆ ಮುಂಚೆ ತೆಗೆಯಬೇಕು. ಬಟ್ಟೆಗೆ ಬರಲಿಲ್ಲ, ಉಗುರಿಗೆ ಬರಲಿಲ್ಲ. ಜೇಬಿನಲ್ಲಿದ್ದ ಬೀಗದ ಕೈಯಿಂದ ಕೆರೆದೆ. ಬಂತು. ಕತ್ತಿಯನ್ನು ಬೆಳಕಿಗೆ ಹಿಡಿದು ನೋಡಿದೆ; ನನ್ನ ಕಣ್ಣಿಗೆ ಏನೂ ಕಾಣಲಿಲ್ಲ. ನನ್ನ ಕಣ್ಣಿಗೆ ಅಕ್ಕಿಯಲ್ಲೂ ಏನೂ ಕಾಣುತ್ತಿರಲಿಲ್ಲ ಎಂಬುದು ಆಗ ನೆನಪಿಗೆ ಬರಲಿಲ್ಲ.

ನವೆಂಬರಿನಲ್ಲಿ ಬಿಳಿ ಗೋರಂಟೆ ಮೊಗ್ಗು ಬಿಟ್ಟಿತು. ವಿಶಾಲಾಕ್ಷಮ್ಮನವರ ಹಿತ್ತಲಿಗೆ ಹೋಗಿ ಮೊಗ್ಗು ಬೇಡುವುದು ನನ್ನ ಪಾಲಿಗೆ ಬಂತು. ಅರಳುವುದಕ್ಕೆ ಎರಡು ದಿನ ಮುಂಚಿನ ಮೊಗ್ಗೇ ಆಗಬೇಕು. ಅವರು ಮಂಗಳವಾರ ಶುಕ್ರವಾರ ಕೊಡುತ್ತಿರಲಿಲ್ಲ, ದೇವರಿಗೆ ಬೇಕು. ಮಿಕ್ಕ ದಿನ ಬಾಗಿಲಲ್ಲಿ ನಿಂತು ನಾನು ಕಿತ್ತದ್ದನ್ನು ನೋಡುತ್ತಿದ್ದರು.

"ಅರಳಿದ ಮೇಲೆ ತೊಗೊಂಡು ಹೋಗೋದಕ್ಕೇನಪ್ಪಾ ನಿಂಗೆ? ಯಾರಿಗೆ ಮುಡಿಸ್ತೀಯ ಇದನ್ನ?"

"ಮುಡಿಸೋಕಲ್ಲಮ್ಮ, ಕೊಯ್ದು ನೋಡೋಕೆ."

"ಇದಕ್ಕೆ ಸಂಬಳ ಕೊಡ್ತಾರಾ?"

ಕೊಡ್ತಾರೆ ಎಂದೆ. ಅವರು ಒಳಗಿದ್ದ ಯಜಮಾನರಿಗೆ ಇದನ್ನು ಜೋರಾಗಿ ತಿಳಿಸಿದರು.

ಮೊದಲ ಕಂತಿನ ಮೊಗ್ಗುಗಳನ್ನು ಕೊಯ್ದ ದಿನವೇ ರಾಮಾಂಜಿನಪ್ಪನವರು ಚಕ್ರ ನಿಲ್ಲಿಸಿದರು. ರಿಬ್ಬನ್ನಿನ ಉದ್ದಕ್ಕೂ ಕೂದಲಿನಂಥ ಒಂದು ಗೀರು, ಪ್ರತಿ ಬಿಲ್ಲೆಯಲ್ಲೂ ಅದೇ ಜಾಗದಲ್ಲಿ. ಕತ್ತಿಯ ಅಂಚಿನಲ್ಲಿ ಎಲ್ಲೋ ಸಣ್ಣ ಹಲ್ಲು ಬಿದ್ದಿದೆ ಎಂದರು. ಯಾರಾದರೂ ಮುಟ್ಟಿದ್ದರಾ ಎಂದು ನನ್ನನ್ನು ಕೇಳಿದರು. ನಾನು ಸೂಕ್ಷ್ಮದರ್ಶಕದ ಮಸೂರ ಒರೆಸುತ್ತಾ, ಹಬ್ಬದಲ್ಲಿ ಗುಡಿಸುವವರು ಬಂದಿದ್ದರೇನೋ ಎಂದೆ. ಅವರು ಕತ್ತಿಯನ್ನು ಬಹಳ ಹೊತ್ತು ನೋಡಿ, "ನನ್ ಕೈಯೇ ಕೆಡ್ತಾ ಐತೇನೋ ಸಾರ್, ಮಸೆಯೋವಾಗ ಜಾರಿರ್ಬೇಕು" ಎಂದರು. ಆ ಮಾತಿಗೆ ನಾನು ಉತ್ತರ ಕೊಡಬೇಕಿತ್ತು. ಕೊಡಲಿಲ್ಲ.

ಅಂಟಿಸಿದ ಸ್ಲೈಡುಗಳ ಟ್ರೇಯನ್ನು ಪಕ್ಕಕ್ಕಿಡಿ, ಕತ್ತಿ ಮಸೆದು ಬೇರೆ ಮೊಗ್ಗು ಕೊಯ್ದು ಕೊಡುತ್ತೇನೆ ಎಂದು ಹೇಳಿಹೋದವರು ಮಾರನೆಯ ದಿನ ಬರಲಿಲ್ಲ. ಕಾಮಾಲೆ. ಮೂರು ವಾರ ಶ್ರೀರಾಂಪುರದ ಮನೆಯಲ್ಲಿ ಮಲಗಿದರು. ಇತ್ತ ಬದರೀನಾರಾಯಣರು ದಿನಾ ಬೆಳಗ್ಗೆ ಬಾಗಿಲಲ್ಲಿ ಇಣುಕಿ ಎಷ್ಟಯ್ಯಾ ನರ, ಎಷ್ಟಯ್ಯಾ ನರ ಎಂದು ಕೇಳುತ್ತಿದ್ದರು. ಪಕ್ಕಕ್ಕಿಟ್ಟ ಟ್ರೇ ಪಕ್ಕದಲ್ಲೇ ಇತ್ತು. ಬಣ್ಣ ಹಾಕಿ ನೋಡಿದೆ. ಗೀರು ಕಾಣಿಸಿತು, ಮೇಣ ಮಡಿಚಿಕೊಂಡಿರಬೇಕು ಅಂದುಕೊಂಡೆ. ಮುಂದಿನ ಎಸಳಿನ ಬಲಗಡೆ ಒಂದು ನರ ಚೆಂದಾಗಿ ಕೆಂಪಾಗಿ ಕೂತಿತ್ತು. ಎಡಗಡೆ ಆ ಗೀರು, ಅದರ ಕೆಳಗೆ ಏನೂ ಇಲ್ಲ. ಒಂಬತ್ತು ಮೊಗ್ಗು ನೋಡಿದೆ, ಒಂಬತ್ತರಲ್ಲೂ ಒಂದೇ ನರ. ಒಂಬತ್ತರಲ್ಲಿ ಒಂಬತ್ತು ಬಂದರೆ ಅದು ಪ್ರಕೃತಿಯ ನಿಯಮ ಎಂದು ನನಗೆ ಕಲಿಸಿದ್ದರು. ಬದರೀನಾರಾಯಣರು ತಾವೂ ಎರಡು ಸ್ಲೈಡು ನೋಡಿದರು. ಬಯಸಿದ್ದು ಕಂಡರೆ ಮೂರನೆಯದನ್ನು ಯಾರು ನೋಡುತ್ತಾರೆ? ಆ ಮಧ್ಯಾಹ್ನ ನನಗೆ ಗಾಂಧಿಬಜಾರಿನಲ್ಲಿ ಮಸಾಲೆ ದೋಸೆ ಕೊಡಿಸಿದರು.

ರಾಮಾಂಜಿನಪ್ಪನವರು ಡಿಸೆಂಬರಿನಲ್ಲಿ ಬಂದರು, ಬಡವಾಗಿ, ಹಳದಿಯಾಗಿ. ಬಂದವರೇ ಗಾಜಿನ ಹಲಗೆಯ ಮೇಲೆ ಪುಡಿ ಹಾಕಿ ಕತ್ತಿ ಮಸೆಯಲು ಕೂತರು, ಒಂದು ವಾರ. ಬಿಡುವಾದಾಗ ಮಿಂಟೋ ಆಸ್ಪತ್ರೆಗೆ ಹೋಗಿ ಕಣ್ಣು ತೋರಿಸಿಕೊಂಡು ಕನ್ನಡಕ ಹಾಕಿಸಿಕೊಂಡು ಬಂದರು. ಮಿಕ್ಕ ಮೊಗ್ಗುಗಳನ್ನು ಮೇಣದಲ್ಲಿ ಕೂರಿಸಿ ಬಿಸ್ಕತ್ ಡಬ್ಬಿಯಲ್ಲಿಟ್ಟಿದ್ದೇನೆ, ಯಾವಾಗ ಕೊಯ್ಯಲಿ ಎಂದು ಎರಡು ಮೂರು ಸಲ ಕೇಳಿದರು. ಸಾಕು, ಆಯ್ತು ಎಂದೆ. ಜನವರಿಯಲ್ಲಿ ಪ್ರಬಂಧ ಹೋಯಿತು.

ಫೆಬ್ರವರಿ ಕೊನೆಗೆ ಪತ್ರಿಕೆಯವರಿಂದ ಕಾಗದ ಬಂತು: ಒಪ್ಪಿದ್ದೇವೆ, ಅಚ್ಚಿಗೆ ಹೋಗುತ್ತದೆ. ಆ ಕಾಗದ, ಪ್ರಬಂಧದ ಕೊನೆಯ ಹಾಳೆ ಎರಡನ್ನೂ ತಂದರೆ ಸಮಿತಿಗೆ ಸಾಕು ಎಂದು ಶ್ರೀನಿವಾಸಯ್ಯನವರು ಒಪ್ಪಿದರು. ಸಮಿತಿಗೆ ಇನ್ನು ಹದಿನೈದು ದಿನ. ಶುಭ ಸುದ್ದಿ ನಾನೇ ಹೇಳಬೇಕೆಂದು ಹಾಳೆ ಹಿಡಿದು ಓಡಿದೆ. ಬಿಲ್ಲೆಗಳನ್ನು ಬಹಳ ಎಚ್ಚರದಿಂದ ಕೊಯ್ದುಕೊಟ್ಟ ಶ್ರೀ ರಾಮಾಂಜಿನಪ್ಪನವರಿಗೆ ಲೇಖಕರು ಋಣಿಗಳು ಎಂದು ಇಂಗ್ಲಿಷಿನಲ್ಲಿದ್ದುದನ್ನು ಕನ್ನಡದಲ್ಲಿ ಓದಿದೆ. ಇನ್ನೊಂದು ಸಲ ಓದಿ ಎಂದರು. ಓದಿದೆ. ಹೆಸರು ಎಲ್ಲಿದೆ ತೋರಿಸಿ ಎಂದರು. ತೋರಿಸಿದೆ. ಬೆರಳನ್ನು ಅಂಗಿಗೆ ಒರೆಸಿಕೊಂಡು ಅದರ ಕೆಳಗೆ ಇಟ್ಟರು.

"ಮೇಲೆ ಏನು ಬರ್ದವ್ರೆ?"

"ಬಿಳಿ ಗೋರಂಟೆಯ ಮುಂದಿನ ಎಸಳಲ್ಲಿ ಒಂದೇ ನರ ಅಂತ. ಅದಕ್ಕೇ ಅದು ಬೇರೆ ಗಿಡ ಅಂತ."

"ಒಂದಾ?"

"ಒಂದು."

ಬೆರಳು ಹೆಸರಿನ ಕೆಳಗಿಂದ ಎದ್ದಿತು. "ಯಾವ ಸ್ಲೈಡಲ್ಲಿ ನೋಡಿದ್ರಿ ಸಾರ್?"

"ನವೆಂಬರಿಂದು."

"ಪಕ್ಕಕ್ಕಿಡಿ ಅಂದಿದ್ನಲ್ಲ, ಆ ಟ್ರೇನಾ?"

ಅವರು ಎದ್ದುಹೋಗಿ ಆ ಟ್ರೇಯನ್ನೂ ಬಿಸ್ಕತ್ ಡಬ್ಬಿಯನ್ನೂ ತಂದರು. ಸ್ಲೈಡನ್ನು ಕಿಟಕಿಗೆ ಹಿಡಿದು, ಗೀರು ಎಸಳಿನ ಎಡಕ್ಕೇ ಹೋಗಿದೆ ನೋಡಿ, ನರ ಅದರಡಿ ಹರಿದುಹೋಗಿದೆ ಎಂದು ತೋರಿಸಿದರು. ಎಲ್ಲ ಮೊಗ್ಗಿನಲ್ಲೂ ಒಂದೇ ಜಾಗ ಹೇಗೆ ಎಂದು ಕೇಳಿದೆ. ಕೇಳಿದ ಮೇಲೆ ನನಗೇ ಹೊಳೆಯಿತು. ಎಲ್ಲ ಮೊಗ್ಗೂ ಒಂದೇ ಕಡೆ ಮುಖ ಮಾಡಿದ್ದವಲ್ಲ, ಕತ್ತಿಯ ಒಂದೇ ಜಾಗದಲ್ಲಿ. ಅವರು ನನ್ನ ಹಾಗೆ ಪಲ್ಯಕ್ಕೆ ಹೆಚ್ಚಿದ್ದಿದ್ದರೆ ಗೀರು ಒಂದೊಂದರಲ್ಲಿ ಒಂದೊಂದು ಕಡೆ ಬಿದ್ದು, ನನ್ನಂಥವನಿಗೂ ಅನುಮಾನ ಬರುತ್ತಿತ್ತು.

ಡಬ್ಬಿಯಿಂದ ಮೂರು ಮೊಗ್ಗು ತೆಗೆದು ಕೊಯ್ದರು. ಬಣ್ಣ ಹಾಕಿ ಒಣಗಿಸಿ ನೋಡುವುದಕ್ಕೆ ಮರುದಿನ ಮಧ್ಯಾಹ್ನವಾಯಿತು. ಮೂರರಲ್ಲೂ ಎರಡೆರಡು ನರ, ಅಕ್ಕಪಕ್ಕ, ಕೆಂಪಗೆ. ಬಿಳಿ ಹೂ ಬರೀ ಬಿಳಿ ಹೂ.

ಆಗ ಹೇಳಿದೆ, ವಿಭೂತಿ, ಬೀಗದ ಕೈ ಎಲ್ಲ. ಅವರು ಬೈಯುತ್ತಾರೆಂದು ಕಾದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮೂರು ತಿಂಗ್ಳು ನನ್ ಕೈ ಹೋಯ್ತು ಅಂದ್ಕೊಂಡಿದ್ದೆ" ಎಂದರು. "ಮೂರು ತಿಂಗ್ಳು. ಅಂಜಮ್ಮಂಗೂ ಅದನ್ನೇ ಹೇಳಿದ್ದೆ."

ಕ್ಷಮಿಸಿ ಎಂದೆ. ಕನ್ನಡಕದ ಕಡೆ ಕೈ ಮಾಡಿ, ಇದನ್ನು ಹಾಕಿಕೊಂಡರೆ ತಲೆ ಸುತ್ತುತ್ತದೆ, ಮೊದಲೇ ಚೆನ್ನಾಗಿ ಕಾಣುತ್ತಿತ್ತು ಎಂದಷ್ಟೇ ಹೇಳಿದರು.

ನನ್ನ ಬುದ್ಧಿ ಅಷ್ಟಕ್ಕೇ ನಿಲ್ಲಲಿಲ್ಲ. ಮಾಡಿದ್ದನ್ನು ಸರಿಮಾಡುವ ಉತ್ಸಾಹದಲ್ಲಿ ಒಂದು ಉಪಾಯ ಹೇಳಿದೆ: ಸಮಿತಿ ಕೂರಲು ಹದಿನಾಲ್ಕು ದಿನ ಇದೆ. ಕಾಗದವನ್ನೂ ಹಾಳೆಯನ್ನೂ ಶ್ರೀನಿವಾಸಯ್ಯನವರಿಗೆ ಕೊಟ್ಟುಬಿಡಿ, ಹುದ್ದೆ ಆಗಲಿ, ಪ್ರೊಫೆಸರಿಗೆ ಏಪ್ರಿಲಿನಲ್ಲಿ ಹೇಳೋಣ. ಯಾರಿಗೂ ನಷ್ಟವಿಲ್ಲ.

ಅವರು ಯೋಚಿಸಿದರು. ಯೋಚಿಸಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಹಾಳೆಯನ್ನು ಕ್ಲಿಪ್ಪಿನಿಂದ ತೆಗೆದು ಮತ್ತೆ ಸಿಕ್ಕಿಸುತ್ತಾ ಬಹಳ ಹೊತ್ತು ಕೂತಿದ್ದರು. ಗಂಟೆ ಹೊಡೆಯುವ ಹೊತ್ತು ಮೀರಿಹೋಗಿ ತರಗತಿಗಳಲ್ಲಿ ಗಲಾಟೆ ಶುರುವಾಯಿತು.

"ಏಪ್ರಿಲ್ಲಲ್ಲಿ ಹೇಳ್ದ್ರೆ ನಿಲ್ಸೋಕಾಯ್ತದಾ? ಅಚ್ಚಾಗೋಗಿರ್ತದೆ" ಎಂದರು. "ಆಮೇಲೆ ಇನ್ಯಾವನೋ ಈ ಗಿಡ ಕುಯ್ದು ನೋಡ್ತಾನೆ. ಎರಡು ಕಾಣ್ತದೆ. ಯಾವನಯ್ಯಾ ಇದನ್ನ ಕುಯ್ದೋನು ಅಂತ ಕೊನೆ ಹಾಳೆ ತಿರುಗಿಸ್ತಾನೆ. ಅಲ್ಲಿ ನಿಮ್ದಾ ಸಾರ್ ಹೆಸ್ರು ಇರೋದು?"

ನನ್ನದಿರಲಿಲ್ಲ. ನನ್ನ ಹೆಸರು ಮೊದಲ ಹಾಳೆಯಲ್ಲಿತ್ತು. ಆದರೆ ಅವರು ಹೇಳಿದ್ದು ಅರ್ಥವಾಯಿತು. ಅವರು ಹೋಗಿ ಗಂಟೆ ಹೊಡೆದು ಬಂದರು. ಆಮೇಲೆ ಇಬ್ಬರೂ ಸ್ಲೈಡು ಹಿಡಿದು ಪ್ರೊಫೆಸರ ಕೋಣೆಗೆ ಹೋದೆವು.

ಬದರೀನಾರಾಯಣರು ಮೂರು ಸ್ಲೈಡುಗಳನ್ನೂ ನೋಡಿದರು. ಹಳೆಯ ಒಂಬತ್ತನ್ನೂ ತರಿಸಿ ನೋಡಿದರು. ಅರ್ಧ ಗಂಟೆ ಕಣ್ಣು ಮೇಲೆತ್ತಲಿಲ್ಲ. ಎತ್ತಿದಾಗ ನನ್ನನ್ನು ನೋಡದೆ ರಾಮಾಂಜಿನಪ್ಪನವರ ಮೇಲೆ ಹರಿಹಾಯ್ದರು. "ಇದನ್ನ ಜನವರೀಲೇ ಬೊಗಳೋಕೆ ಏನಾಗಿತ್ತೋ ನಿಂಗೆ?"

"ಯಾರೂ ಕೇಳ್ಲಿಲ್ಲ ಸಾರ್. ಏನು ಬರೀತಾ ಇದೀರ ಅಂತ್ಲೂ ಹೇಳ್ಲಿಲ್ಲ."

ತಪ್ಪು ನನ್ನದು ಎಂದು ನಾನು ನಡುವೆ ಬಾಯಿ ಹಾಕಿ ಕತ್ತಿಯ ವಿಷಯ ಹೇಳಿದೆ. ಅವರು ಕೇಳಿಸಿಕೊಂಡು, ನಿಮ್ಮ ಅಂಗಡೀಲೇ ಕೂತಿದ್ದರೆ ಇಬ್ಬರಿಗೂ ಒಳ್ಳೇದಾಗ್ತಿತ್ತು ಕಣಯ್ಯಾ ಎಂದರು. ಕೆಟ್ಟ ಮನುಷ್ಯರಲ್ಲ. ಅವತ್ತೇ ಪತ್ರಿಕೆಗೆ ಕಾಗದ ಬರೆದು ಪ್ರಬಂಧವನ್ನು ವಾಪಸು ಕರೆಸಿಕೊಂಡರು. ಗುರುಗಳ ಹೆಸರಿದ್ದ ಹಾಳೆಯನ್ನು ಹರಿಯದೆ ಡ್ರಾಯರಿನಲ್ಲಿಟ್ಟರು. ಆದರೆ ರಾಮಾಂಜಿನಪ್ಪನವರಿಗೊಂದು ಪತ್ರ ಬರೆದುಕೊಡಿ ಸರ್, ಸಮಿತಿಗೆ ಇಡಬಹುದು ಎಂದು ನಾನು ಎರಡು ಸಲ ಕೇಳಿದಾಗ, ನೋಡೋಣ ಎಂದರು. ಎರಡನೆಯ ಸಲ ನೋಡೋಣ ಎನ್ನುವಾಗಲೇ ಕೈಯಲ್ಲಿ ಬೇರೆ ಯಾವುದೋ ಗಿಡದ ಕೊಂಬೆ ಇತ್ತು. ಕೊನೆಗೆ ನಾನೇ ಒಂದು ಪತ್ರ ಬರೆದು ಶ್ರೀನಿವಾಸಯ್ಯನವರಿಗೆ ಕೊಟ್ಟೆ. ಅವರು ಓದಿ, ತಾತ್ಕಾಲಿಕ ನೌಕರರ ಸಹಿ ಇದರಲ್ಲಿ ನಡೆಯೋಲ್ಲ ಎಂದು ಮಡಿಚಿ ವಾಪಸು ಕೊಟ್ಟರು.

ಮಾರ್ಚಿಯಲ್ಲಿ ಟೆಕ್ನಿಷಿಯನ್ ಹುದ್ದೆ ಎಸ್ಸೆಸ್ಸೆಲ್ಸಿ ಆಗಿದ್ದ ಒಬ್ಬರಿಗೆ ಹೋಯಿತು. ಮೊದಲ ದಿನ ಅವರು ಮೈಕ್ರೋಟೋಮಿನ ಸುತ್ತ ಒಂದು ಪ್ರದಕ್ಷಿಣೆ ಬಂದು, ಇದರ ಸ್ವಿಚ್ ಎಲ್ಲಿದೆ ಎಂದು ಕೇಳಿದರು. ಅವರಿಗೆ ಕಲಿಸುವ ಕೆಲಸ ರಾಮಾಂಜಿನಪ್ಪನವರಿಗೆ ಬಿತ್ತು. ಕಲಿಸಿದರು, ಚೆನ್ನಾಗಿಯೇ ಕಲಿಸಿದರು. ನನಗೆ ಅದನ್ನು ನೋಡಿ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಹುಡುಕಿದರೆ ದಾರಿ ಮತ್ತೆ ಮತ್ತೆ ನನ್ನ ಜೇಬಿನ ಬೀಗದ ಕೈಗೇ ಬಂದು ನಿಲ್ಲುತ್ತಿತ್ತು. ಆ ವರ್ಷದ ಆಯುಧಪೂಜೆಯ ದಿನ ರಾಮಾಂಜಿನಪ್ಪನವರು ಕುಂಕುಮದ ಬಟ್ಟಲನ್ನು ನನ್ನ ಕೈಗೇ ಕೊಟ್ಟು, ಮುಚ್ಚಳ ತೋರಿಸಿ, ಪೆಟ್ಟಿಗೆಯ ಮೇಲೆ ತಾವೂ ಕೈಯಿಟ್ಟುಕೊಂಡು ನಿಂತರು.

ನನಗೆ ಸಂಬಳ ಕೊಡುತ್ತಿದ್ದ ಸಂಶೋಧನಾ ಸ್ಕೀಮು ಎರಡು ವರ್ಷಕ್ಕೆ ಮುಗಿಯಿತು. ಚಾಮರಾಜಪೇಟೆಯ ಇನ್ನೊಂದು ಕಾಲೇಜಿನಲ್ಲಿ ತಾತ್ಕಾಲಿಕವಾಗಿ ಪಾಠ ಹೇಳಲು ಸೇರಿದೆ, ಈಗಲೂ ತಾತ್ಕಾಲಿಕವಾಗಿಯೇ ಹೇಳುತ್ತಿದ್ದೇನೆ. ಆದರೂ ಹಟ ಬಿಡದೆ, ಎರಡೂ ಗೋರಂಟೆ ಒಂದೇ ಎಂದು ಒಂದೂವರೆ ಪುಟದ ಟಿಪ್ಪಣಿ ಬರೆದು, ಕೊನೆಗೆ ಅವರ ಹೆಸರು ಹಾಕಿ ಕಳಿಸಿದೆ. ಒಂದು ಪತ್ರಿಕೆ, ಹೊಸತೇನಿಲ್ಲ ಎಂದು ತಿರುಗಿ ಕಳಿಸಿತು. ಇನ್ನೊಂದು ಎರಡು ವರ್ಷ ಇಟ್ಟುಕೊಂಡು ೧೯೮೨ರಲ್ಲಿ ಹಾಕಿತು. ಅಷ್ಟರಲ್ಲಿ ರಾಮಾಂಜಿನಪ್ಪನವರು ಅಟೆಂಡರ್ ಆಗಿಯೇ ನಿವೃತ್ತರಾಗಿದ್ದರು. ಅಂಚೆಯಲ್ಲಿ ಬಂದ ಪತ್ರಿಕೆಯನ್ನು ಬಿಚ್ಚಿ ನೇರವಾಗಿ ಕೊನೆಯ ಸಾಲಿಗೆ ಹೋದೆ. ಕೊನೆಯ ಸಾಲು ಇರಲಿಲ್ಲ. ಜಾಗ ಸಾಲದೆ ಕೃತಜ್ಞತೆಗಳನ್ನು ಕೈಬಿಟ್ಟಿದ್ದೇವೆ ಎಂದು ಜೊತೆಗಿದ್ದ ಚೀಟಿ ಹೇಳಿತು. ಅದೇ ಪುಟದ ಕೆಳಗೆ ನಾಲ್ಕು ಬೆರಳಿನಷ್ಟು ಜಾಗದಲ್ಲಿ ಗೊಬ್ಬರದ ಜಾಹೀರಾತು ಇತ್ತು.

ತೋರಿಸದೆ ಇರಬಹುದಿತ್ತು. ಸುಮ್ಮನಿದ್ದು ಒಮ್ಮೆ ಅನುಭವಿಸಿದ್ದೆನಾದ್ದರಿಂದ ಭಾನುವಾರ ಶ್ರೀರಾಂಪುರಕ್ಕೆ ಹೋದೆ. ಅಂಜಮ್ಮ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು, ನನ್ನನ್ನು ನೋಡಿ ಮೊರ ಪಕ್ಕಕ್ಕಿಟ್ಟು, ಬನ್ನಿ ಸ್ವಾಮಿ ಎಂದು ಒಳಗೆ ಕೂರಿಸಿ ಕಾಫಿ ಇಡಲು ಹೋದರು. ಹೆಸರು ಬರಲಿಲ್ಲ ಎಂದು ಮೊದಲೇ ಹೇಳಿಬಿಟ್ಟೆ. ರಾಮಾಂಜಿನಪ್ಪನವರು ಏನೂ ಬೇಸರವಿಲ್ಲ ಎನ್ನಲಿಲ್ಲ.

"ಎಷ್ಟು ಅಂತ ಬರ್ದ್ರಿ?"

"ಎರಡು. ಎರಡು ಗಿಡಕ್ಕೂ ಎರಡೇ."

ಕೊಡಿ ಎಂದು ಪತ್ರಿಕೆ ತೆಗೆದುಕೊಂಡರು. ಟಿಪ್ಪಣಿಯ ಜೊತೆ ಒಂದೇ ಒಂದು ಚಿತ್ರವಿತ್ತು, ಅವತ್ತು ಬಿಸ್ಕತ್ ಡಬ್ಬಿಯಿಂದ ತೆಗೆದು ಕೊಯ್ದ ಮೊಗ್ಗಿನದು. ಅವರು ಕನ್ನಡಕವಿಲ್ಲದೆ ಅದನ್ನು ನೋಡಿದರು, ಹುಬ್ಬು ಗಂಟಿಕ್ಕಿದರು, ಪುಟವನ್ನು ಹತ್ತಿರಕ್ಕೆ ತಂದರು. ಅವರ ದನಿಯಲ್ಲಿ ನಾನು ಎಂದೂ ಕೇಳದ ರೇಗು ಇತ್ತು.

"ಥೂ, ತಲೆಕೆಳಗು ಹಾಕವ್ರಲ್ಲ ಸಾರ್. ಬೆನ್ನು ಮೇಲೆ ಬರ್ಬೇಕು. ನೀವು ನೋಡ್ಲಿಲ್ವಾ?"

ನಾನು ನೋಡಿರಲಿಲ್ಲ. ನಾನು ಹೆಸರನ್ನಷ್ಟೇ ಹುಡುಕಿದ್ದೆ.

ಅವರು ಪತ್ರಿಕೆಯನ್ನು ಬುಡಮೇಲು ತಿರುಗಿಸಿ ಹಿಡಿದರು. ಗೊಬ್ಬರದ ಜಾಹೀರಾತು ಮೇಲಕ್ಕೆ ಹೋಯಿತು, ನನ್ನ ಹೆಸರು ತಲೆಕೆಳಗಾಯಿತು, ಮೊಗ್ಗು ನೆಟ್ಟಗೆ ನಿಂತಿತು. ಕಾಫಿ ತಂದ ಅಂಜಮ್ಮನನ್ನು ಹತ್ತಿರ ಕರೆದು, ಎಸಳಿನ ಎಡಗಡೆಯ ಚುಕ್ಕೆಯ ಮೇಲೆ ಬೆರಳಿಟ್ಟರು.

"ನೋಡು" ಎಂದರು. "ಇಲ್ಲೊಂದು. ಇಲ್ಲೊಂದು."